ಜಾಲಹಳ್ಳಿ ಹೊಲದ ಬಿಳಿ ಕಲ್ಲಿನ ಚೌಕ

ಆಗಸ್ಟ್ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ, ಬಸ್ ನಿಲ್ದಾಣದಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ನಾಲ್ಕು ಗುಂಟೆಯ ಮೆಣಸಿನಕಾಯಿ ತುಂಡು. ಹಾಜರಿದ್ದವರು ಮೂವರು: ಹೊಲದೊಡತಿ, ಮಾನ್ವಿಯಿಂದ ಬಂದ ಪೈಪ್ ಮಿಸ್ತ್ರಿ ಮತ್ತು ನಾನು. ರಾಯಚೂರಿನ ಕಚೇರಿಯಿಂದ ನಮ್ಮ ಎಂಜಿನಿಯರ್ ಫೋನಿನಲ್ಲಿದ್ದರು. ಆಕಾಶ ಅರ್ಧ ಮೋಡ, ಗಾಳಿ ಪಶ್ಚಿಮದಿಂದ, ಮಳೆಮಾಪಕ ಖಾಲಿ.

ಹೀಗೆ ಶುರುಮಾಡುವುದು ನನಗೆ ಹಳೆಯ ಅಭ್ಯಾಸ. ಹವಾಮಾನ ವೀಕ್ಷಕಿಯಾಗಿ ಸೇರಿದಾಗ ಕೆಲಸ ಕಲಿಸಿದ ಹಿರಿಯರು ಎರಡು ನಿಯಮ ಹೇಳಿದ್ದರು. ಉಪಕರಣ ತೋರಿಸಿದ್ದನ್ನು ಬರೆ, ಅಂದಾಜು ಬರೆಯಬೇಡ. ಉಪಕರಣ ನಿಂತ ಜಾಗದಲ್ಲಿ ಒಂದು ಹುಲ್ಲುಕಡ್ಡಿಯೂ ಇರಬಾರದು. ನಿವೃತ್ತಿಯ ನಂತರ ಈ ಯೋಜನೆಯವರು ನನ್ನನ್ನು ಕರೆದದ್ದು ಆ ಶಿಸ್ತಿಗಾಗಿಯೇ. ಗುಂಜಹಳ್ಳಿ, ಜಾಲಹಳ್ಳಿ, ನೀರಮಾನ್ವಿ ಎಂಬ ಮೂರು ಊರುಗಳಲ್ಲಿ ಮೂರು ಹೊಲ. ಮಣ್ಣಿನೊಳಗೆ ಹುಗಿದ ಸೆನ್ಸರ್ ತೇವವನ್ನು ಅಳೆದು ಕಂಬದ ಮೇಲಿನ ಪೆಟ್ಟಿಗೆಗೆ ಕಳಿಸುತ್ತದೆ. ತೇವ ಶೇಕಡಾ ಮೂವತ್ತಕ್ಕಿಂತ ಕೆಳಗಿಳಿದರೆ ನಸುಕಿನಲ್ಲಿ ಪಂಪು ತಾನಾಗಿ ಶುರುವಾಗಿ, ವಾಲ್ವ್ ತೆರೆದು, ಡ್ರಿಪ್ ಪೈಪುಗಳಲ್ಲಿ ನಲವತ್ತು ನಿಮಿಷ ನೀರು ಹರಿಯುತ್ತದೆ. ಅಂಕಿಗಳೆಲ್ಲ ರಾಯಚೂರಿನ ಕಂಪ್ಯೂಟರಿಗೂ ನನ್ನ ಫೋನಿಗೂ ಬರುತ್ತವೆ. ವಾರಕ್ಕೊಮ್ಮೆ ಪ್ರತಿ ಹೊಲಕ್ಕೂ ಹೋಗಿ ಉಪಕರಣ ಸರಿಯಿದೆಯೇ ಎಂದು ತಾಳೆ ನೋಡುವುದು ನನ್ನ ಕೆಲಸ. ಮಂಗಳವಾರ ಜಾಲಹಳ್ಳಿಯ ಸರದಿ.

ಆ ತುಂಡಿನಲ್ಲಿ ಆರುನೂರ ನಲವತ್ತು ಗಿಡಗಳಿದ್ದವು. ಬೇರೆ ಹೊಲಗಳ ಹತ್ತಿ, ತೊಗರಿಯಂತಲ್ಲ ಅವು. ಹೊಲದೊಡತಿಯ ಗಂಡ ಇಪ್ಪತ್ತು ವರ್ಷ ಆರಿಸಿ ಆರಿಸಿ ಉಳಿಸಿಕೊಂಡಿದ್ದ ತಳಿ. ಗಿಡ್ಡ, ಸುಕ್ಕುಗಟ್ಟಿದ ಕಾಯಿ, ಬಾಗಿದ ತೊಟ್ಟು, ಒಣಗಿದಾಗ ಕಪ್ಪಿಗೆ ತಿರುಗುವ ಕೆಂಪು. ಆತ ತೀರಿಕೊಂಡು ಎರಡು ವರ್ಷ ಆಕೆ ಬಿತ್ತಿರಲಿಲ್ಲ. ಬೂದಿ ಬೆರೆಸಿದ ಬೀಜ ಸೋರೆಬುರುಡೆಯಲ್ಲೇ ಇತ್ತು. ಮೆಣಸಿನ ಬೀಜ ಬಹಳ ದಿನ ಬಾಳುವುದಿಲ್ಲ. ಈ ವರ್ಷ ಬಿತ್ತದಿದ್ದರೆ ಮುಂದೆ ಹುಟ್ಟುವುದಿಲ್ಲವೆಂದು ಜುಲೈನಲ್ಲಿ ಬುರುಡೆಯನ್ನು ಪೂರ್ತಿ ಖಾಲಿ ಮಾಡಿದ್ದರು. ಹುಟ್ಟಿದ್ದು ಇಷ್ಟೇ. ಹಿಂದೆ ಆತನಿಂದ ಬೀಜ ಒಯ್ದಿದ್ದ ಇಬ್ಬರು ಎಂದೋ ಕಂಪನಿ ಬೀಜಕ್ಕೆ ತಿರುಗಿದ್ದರು. ಈ ಗಿಡಗಳು ಕಾಯಿ ಹಣ್ಣಾಗಿಸಿ ಕೊಟ್ಟರೆ ತಳಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಇದನ್ನು ನನಗೆ ಆಕೆ ಮೊದಲೇ ಹೇಳಿದ್ದರು. ಯೋಜನೆಗೆ ಸೇರಲು ಅನುಮಾನಿಸಿದ್ದೂ ಅದಕ್ಕಾಗಿಯೇ. ಒಪ್ಪಿಸಿದವಳು ನಾನು. ಮೊಣಕಾಲು ನೋವಿನಲ್ಲಿ ದಿನಾ ನಸುಕಿಗೆ ನಡೆದು ಬಂದು ನೀರು ತಿರುಗಿಸುವ ಕಷ್ಟ ತಪ್ಪುತ್ತದೆ, ಗಿಡಕ್ಕೆ ಬೇಕಾದಷ್ಟೇ ನೀರು ಸಿಗುತ್ತದೆ ಎಂದು ಎರಡು ಸಲ ಮನೆಗೆ ಹೋಗಿ ಹೇಳಿದ್ದೆ.

ಆ ಮೊದಲ ಮಂಗಳವಾರ ಸೆನ್ಸರನ್ನು ಕ್ರಮ ತಪ್ಪದೆ ಕೂಡಿಸಿದೆವು. ಬದುವಿನ ಪಕ್ಕದ ಸಾಲಿನಲ್ಲಿ, ಎರಡು ಗಿಡಗಳ ನಡುವೆ, ಡ್ರಿಪ್ ಹನಿಯ ಕೆಳಗೆ ಗೇಣುದ್ದದ ಗುಂಡಿ. ಅದೇ ಮಣ್ಣನ್ನು ನೀರಿನಲ್ಲಿ ಕಲಸಿ, ಗಾಳಿ ಉಳಿಯದಂತೆ ಸುತ್ತ ಮೆತ್ತಿದೆವು. ಕುರಿ ಕಾಯುವವರು ಹಾದುಹೋಗುವಾಗ ನಲ್ಲಿ ತಿರುಗಿಸುತ್ತಾರೆಂದು ಪಂಪಿನ ಸ್ವಿಚ್ಚು, ಕೈವಾಲ್ವು ಎರಡನ್ನೂ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿಸಿದೆ. ಕೀಲಿಕೈ ನನ್ನ ಗೊಂಚಲಿಗೆ ಸೇರಿತು. ಯಾರಾದರೂ ನಡುವೆ ಕೈಹಾಕಿದರೆ ಅಂಕಿಗಳೆಲ್ಲ ಕೆಡುತ್ತವೆಂದು ಹೊಲದೊಡತಿಗೆ ವಿವರಿಸಿದೆ. ಆಕೆ ಕೈಹಾಕುವುದಿಲ್ಲವೆಂದು ಮಾತು ಕೊಟ್ಟರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮುಂದಿನ ವಾರ ನಾನು ಸೆನ್ಸರ್ ಕಂಬದ ಸುತ್ತ ಎರಡು ಮೊಳದ ಚೌಕ ಗುರುತು ಹಾಕಿ, ನಾಲ್ಕೂ ಬದಿಗೆ ಸುಣ್ಣ ಬಳಿದ ಕಲ್ಲು ಜೋಡಿಸಿದೆ. ತೇವ ಆರದಿರಲೆಂದು ಹೊಲದೊಡತಿ ಗಿಡಗಳ ಬುಡಕ್ಕೆಲ್ಲ ತೊಗರಿ ಹೊಟ್ಟು, ಜೋಳದ ದಂಟು ಹಾಸಿದ್ದರು. ಚೌಕದೊಳಗಿದ್ದದ್ದನ್ನು ಗೋರಿ ಹೊರಗೆ ಹಾಕಿದೆ. ಕಸ ಕಿತ್ತೆ, ಗುಡಿಸಿದೆ. ವೀಕ್ಷಣಾಲಯದಲ್ಲಿ ಪ್ರತಿ ವಾರ ಮಾಡುತ್ತಿದ್ದ ಕೆಲಸವದು.

ಹೊಲದೊಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಇದೇನ್ರಿ ಅಕ್ಕಾರ, ಗದ್ದುಗಿ ಕಟ್ಟೀರಿ? ನಾಳಿಂದ ನಾನು ಕಾಯಿ ಒಡೀಬೇಕೇನು?"

ಮಿಸ್ತ್ರಿಯೂ ಬಿಡಲಿಲ್ಲ. "ಆಪಾ, ನಮ್ಮ ಮನಿ ಅಂಗಳ ಸುದ್ದಾ ಇಷ್ಟು ಸಾಫ್ ಇರಂಗಿಲ್ರಿ. ನಮ್ಮ ಬೇಗಂ ನೋಡಿದ್ಲಂದ್ರ ನಿಮ್ಮನ್ನ ಕೆಲಸಕ್ಕ ಇಟ್ಕೋತಾಳ."

ಸೆಪ್ಟೆಂಬರ್ ಎರಡನೇ ಮಂಗಳವಾರ ಡ್ರಿಪ್ ಹನಿ ಕಂಬದ ಬುಡದಲ್ಲಿ ಕೆಸರು ಮಾಡಿ ಪೆಟ್ಟಿಗೆಯ ಮೇಲೆಲ್ಲ ಚುಕ್ಕೆ ಹಾರಿಸಿತ್ತು. ಚೌಕದ ಮೂಲಕ ಹಾದಿದ್ದ ಆ ಪೈಪನ್ನು ಒಂದು ಮೊಳ ಹೊರಗೆ ಸರಿಸಲು ಮಿಸ್ತ್ರಿಗೆ ಹೇಳಿದೆ. ಅವರು ಒಂದು ಕ್ಷಣ ನಿಂತು, ನೀರು ಬೀಳಲಿ ಬಿಡಿ, ಅದಕ್ಕೇನಾಗುತ್ತದೆ ಎಂದರು. ಉಪಕರಣ ಚೊಕ್ಕಟವಾಗಿರಬೇಕು ಎಂದೆ. ಅವರು ಪೈಪು ಸರಿಸಿ ಮೊಳೆ ಹೊಡೆದರು. ಇದನ್ನು ನಾನು ರಿಜಿಸ್ಟರಿನಲ್ಲಿ ಬರೆದಿದ್ದೇನೆ: ಪೈಪ್ ಸರಿಸಿದೆ, ಆವರಣ ಸ್ವಚ್ಛ.

ಆ ತಿಂಗಳೆಲ್ಲ ಆಗಾಗ ಮಳೆ ಬಂತು. ಮಳೆ ಚೌಕದೊಳಗೂ ಹೊರಗೂ ಒಂದೇ ಸಮ ಬೀಳುತ್ತದೆ. ಸೆನ್ಸರಿನ ಅಂಕಿಯೂ ಹೊಲದ ಸ್ಥಿತಿಯೂ ಹೊಂದಿಕೊಂಡೇ ಹೋದವು. ಗಿಡ ಹೂಬಿಟ್ಟವು. ಹೊಲದೊಡತಿ ಪ್ರತಿ ಮಂಗಳವಾರ ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ ಕೊಡುತ್ತಿದ್ದರು. ಯಾವ ಸಾಲಿನಲ್ಲಿ ಎಷ್ಟು ಹೂ ಎಂದು ಆಕೆ ಬಾಯಲ್ಲೇ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಅಕ್ಟೋಬರಿನಲ್ಲಿ ಮಳೆ ನಿಂತಿತು, ಬಿಸಿಲು ಏರಿತು. ಎರಡನೇ ವಾರದಿಂದ ಜಾಲಹಳ್ಳಿಯ ಅಂಕಿ ಮೂವತ್ತರ ಕೆಳಗೇ ನಿಂತುಬಿಟ್ಟಿತು. ವಾಲ್ವ್ ದಿನಾ ನಸುಕಿನಲ್ಲಿ ತೆರೆಯತೊಡಗಿತು. ಬಿಸಿಲು ಜಾಸ್ತಿ, ಗಿಡ ಕಾಯಿ ಕಟ್ಟುವ ಹೊತ್ತು, ನೀರು ಹೆಚ್ಚು ಬೇಕು ಎಂದುಕೊಂಡೆ. ಮೂರನೇ ಮಂಗಳವಾರ ಹೊಲದೊಡತಿ ಬರಿಗಾಲಲ್ಲಿ ಸಾಲಿನೊಳಗೆ ನಿಂತು, ಹೊಟ್ಟಿನಡಿಗೆ ಬೆರಳು ಊರಿ, ನೀರು ಜಾಸ್ತಿಯಾಗುತ್ತಿದೆ ಎಂದರು. "ಕಾಲಿಗಿ ಥಂಡಿ ಹತ್ತಾಕತ್ತದ್ರಿ ಅಕ್ಕಾರ. ನಮ್ಮವ್ರು ಇದ್ದಿದ್ರ ನಾಕು ದಿನ ಬಂದ್ ಮಾಡ್ತಿದ್ರು."

ನಾನು ಅವರ ಮಾತನ್ನು ತಳ್ಳಿಹಾಕಲಿಲ್ಲ. ಪರೀಕ್ಷೆ ಮಾಡಿದೆ. ಮಣ್ಣು ತೆಗೆಯುವ ಕೊರೆಗೋಲು ನನ್ನ ಚೀಲದಲ್ಲಿರುತ್ತದೆ. ಮಾದರಿ ತೆಗೆಯಬೇಕಾದ್ದು ಉಪಕರಣದ ಹತ್ತಿರದಲ್ಲೇ ಎಂದು ನಿಯಮ. ಬದುವಿನ ಮೇಲಿಂದ ನೇರವಾಗಿ ಚೌಕಕ್ಕೆ ಹೋಗಿ, ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ ಕೊರೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದೆ. ಪುಡಿಯಾಗಿ ಉದುರಿತು. ಅಂಗೈ ಚಾಚಿ ಅವರಿಗೆ ತೋರಿಸಿದೆ. ಅವರು ಆ ಪುಡಿಯನ್ನು ನೋಡಿದರು, ತಮ್ಮ ಕಾಲು ನೋಡಿಕೊಂಡರು.

ಗುರುವಾರ ಫೋನ್ ಬಂತು. ಗಿಡ ಬಾಡುತ್ತಿವೆಯಂತೆ. "ನಸುಕಿನ್ಯಾಗೂ ತಲಿ ಎತ್ತವಲ್ವು," ಎಂದರು. ಅವರ ಮಾತನ್ನು ಹಾಗೆಯೇ ಬರೆದುಕೊಂಡೆ. ಬಾಯಾರಿದ ಗಿಡ ಮಧ್ಯಾಹ್ನ ಬಾಡುತ್ತದೆ, ರಾತ್ರಿ ಕಳೆದರೆ ಚೇತರಿಸಿಕೊಂಡು ಬೆಳಿಗ್ಗೆ ನೆಟ್ಟಗಾಗುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಬೇರು ಉಸಿರಾಡುತ್ತಿಲ್ಲವೆಂದು ಅರ್ಥ. ಇದು ನನಗೆ ಗೊತ್ತಿತ್ತು. ಆದರೆ ಫೋನಿನಲ್ಲಿ ಅಂಕಿ ಹತ್ತೊಂಬತ್ತು ತೋರಿಸುತ್ತಿತ್ತು, ಗಿಡ ಬಾಡಿದೆ ಎಂಬ ಸುದ್ದಿಯೂ ಅದಕ್ಕೆ ಕೂಡಿತು. ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ತೀರ್ಮಾನಿಸಿ ಎಂಜಿನಿಯರ್‌ಗೆ ಕರೆಮಾಡಿದೆ. ನಲವತ್ತು ನಿಮಿಷವನ್ನು ಅರವತ್ತು ಮಾಡಲು ಹೇಳಿದೆ. ಖಚಿತವೇ ಎಂದು ಅವರು ಕೇಳಿದರು. ಮಾದರಿ ತೆಗೆದು ನೋಡಿದ್ದೇನೆ ಎಂದೆ.

ಮುಂದಿನ ಮಂಗಳವಾರ ಒಂಬತ್ತೂಕಾಲಿಗೆ ಹೊಲ ತಲುಪಿದೆವು. ಹೊಲದೊಡತಿ ಬದುವಿನ ಮೇಲೆ ಕೂತಿದ್ದರು, ಎದ್ದು ಬರಲಿಲ್ಲ. ಚೌಕದ ಬಿಳಿ ಕಲ್ಲುಗಳಲ್ಲಿ ಒಂದು ಸೊಟ್ಟಗಿತ್ತು. ಮೊದಲು ಅದನ್ನು ನೆಟ್ಟಗೆ ಮಾಡಿದೆ. ಮಿಸ್ತ್ರಿ ಡ್ರಿಪ್ಪಿನ ಕೊನೆಯ ಮುಚ್ಚಳ ನೋಡಲೆಂದು ಬದು ಇಳಿದರು. ಎರಡು ಹೆಜ್ಜೆ ಹಾಕಿ ನಿಂತರು.

"ಆಪಾ, ಇಲ್ಲಿ ಬರ್ರಿ. ಚಪ್ಪಲಿ ಬಿಟ್ಟು ಬರ್ರಿ, ಹಾಕ್ಕೊಂಡ್ರ ಉಳಿಯಂಗಿಲ್ಲ."

ಅವರ ಕಾಲು ಹರಡಿನ ತನಕ ಹೂತಿತ್ತು. ಹೊಟ್ಟು ಸರಿಸಿದರೆ ಕೆಳಗೆ ಕಪ್ಪು ಗಂಜಿಯಂಥ ಕೆಸರು. ಅವರು ಒಂದು ಗಿಡ ಹಿಡಿದು ಎತ್ತಿದರು. ಅದು ಜಗ್ಗದೆಯೇ ಕೈಗೆ ಬಂತು. ಬೇರಿನ ಸಿಪ್ಪೆ ಕಳಚಿ ಅವರ ಬೆರಳಿಗೆ ಅಂಟಿತು. ಕೊಳೆತ ವಾಸನೆ ಬಂತು. ನಾನು ತಿರುಗಿ ಚೌಕ ನೋಡಿದೆ. ಅಲ್ಲಿ ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಒಂದು ಬಿರುಕು ನೇರ ಸೆನ್ಸರಿನ ಪಕ್ಕಕ್ಕೇ ಇಳಿದಿತ್ತು. ಹೊಟ್ಟಿನ ಹಾಸಿಲ್ಲ, ಹನಿಯಿಲ್ಲ, ನೆರಳಿಲ್ಲ. ಹೊಲದಲ್ಲೆಲ್ಲ ಒಣಗಿದ್ದ ಜಾಗ ಅದೊಂದೇ, ಒಣಗಿಸಿದವಳು ನಾನು. ಸೆನ್ಸರ್ ಸುಳ್ಳು ಹೇಳಿರಲಿಲ್ಲ.

ಹೊಲದೊಡತಿ ಬದುವಿನಿಂದಲೇ ಕೇಳಿದರು. "ಕೀಲಿಕೈ ತಂದೀರೇನ್ರಿ?"

ಬೀಗ ತೆಗೆದೆ. ಪಂಪು ಬಂದ್ ಮಾಡಿ, ಕೈವಾಲ್ವನ್ನು ಕೊನೆಯ ಸುತ್ತಿನವರೆಗೆ ಬಿಗಿದೆ. ಸಮಯ ಒಂಬತ್ತು ಗಂಟೆ ನಲವತ್ತು. ಗೊಂಚಲಿನಿಂದ ಆ ಕೀಲಿಕೈ ಬಿಡಿಸಿ ಅವರ ಅಂಗೈಗೆ ಹಾಕಿದೆ. ಆಮೇಲೆ ಮೂವರೂ ಸಾಲುಗಳ ನಡುವೆ ಕಾಲುವೆ ತೋಡಿ ನೀರನ್ನು ತಗ್ಗಿನ ಕಡೆಗೆ ಹರಿಸಲು ನಿಂತೆವು. ಮಧ್ಯಾಹ್ನ ಎರಡರವರೆಗೆ ತೋಡಿದೆವು. ಎರಡಕ್ಕೆ ಸಲಿಕೆ ಇಟ್ಟು ಹೋಗಿ ಮಳೆಮಾಪಕ ನೋಡಿ ಬರೆದು ಬಂದೆ. ಆಗ ಹೊಲದೊಡತಿ, ನನ್ನತ್ತ ನೋಡದೆ, ಶನಿವಾರ ನಡೆದದ್ದನ್ನು ಹೇಳಿದರು.

"ಬೀಗ ಒಡೀಬೇಕಂತ ನಿಮ್ಮ ಬಿಳಿ ಕಲ್ಲು ಕೈಯಾಗ ತಗೊಂಡಿದ್ದೆ. ಹೊಳ್ಳಿ ಇಟ್ಟೆ. ವಾರಾ ವಾರಾ ಬರಕೊಂಡು ಹೋಗವ್ರು ನೀವು. ಬರದದ್ದು ತಪ್ಪಿರ್ತದ ಅಂತ ನಾ ಹೆಂಗ ತಿಳೀಬೇಕ್ರಿ?"

ನಾನು ನೆಟ್ಟಗೆ ಮಾಡಿದ ಕಲ್ಲು ಅದೇ.

ಸಂಜೆ ಎಂಜಿನಿಯರ್ ಫೋನಿನಲ್ಲಿ ಎಲ್ಲ ಕೇಳಿಕೊಂಡರು. ಅವರು ಒಳ್ಳೆಯ ಹೆಣ್ಣುಮಗಳು, ನನ್ನ ವಯಸ್ಸಿಗೆ ಮರ್ಯಾದೆ ಕೊಡುವವರು. ಆ ಹದಿನೈದು ದಿನಗಳ ಅಂಕಿಗಳ ಮುಂದೆ ಸೆನ್ಸರ್ ದೋಷ ಎಂದು ಹಾಕಿಬಿಡೋಣ, ಯಾರೂ ಕೇಳುವುದಿಲ್ಲ ಎಂದರು. ಬೇಡವೆಂದೆ. ಬಸ್ಸಿನಲ್ಲಿ ಕೂತೇ ರಿಜಿಸ್ಟರಿನಲ್ಲಿ ಬರೆದೆ: ಸೆನ್ಸರ್ ಸರಿಯಿದೆ. ಆವರಣ ಸ್ವಚ್ಛ ಮಾಡಿದ್ದು, ಪೈಪ್ ಸರಿಸಿದ್ದು, ಮಾದರಿಯನ್ನು ಆವರಣದೊಳಗಿಂದಲೇ ತೆಗೆದದ್ದು, ನೀರು ಹೆಚ್ಚಿಸಲು ಹೇಳಿದ್ದು ವೀಕ್ಷಕಿ. ಕೆಳಗೆ ರುಜು ಹಾಕಿದೆ. ಮರುದಿನ ನೀರಮಾನ್ವಿಗೆ, ಅದರ ಮರುದಿನ ಗುಂಜಹಳ್ಳಿಗೆ ಹೋಗಿ ಅಲ್ಲಿಯೂ ನಾನೇ ಹಾಕಿದ್ದ ಚೌಕಗಳನ್ನು ಕಿತ್ತೆ. ಅಲ್ಲಿ ಪೈಪು ಸರಿಸಿರಲಿಲ್ಲವಾದ್ದರಿಂದ ಬೆಳೆ ಉಳಿದಿತ್ತು. ತೆಗೆದುಹಾಕಿದ್ದ ದಂಟು, ಹೊಟ್ಟುಗಳನ್ನು ತಂದು ಸೆನ್ಸರಿನ ಮೇಲೆ ಮತ್ತೆ ಹಾಸಿದೆ. ಈಗ ಯೋಜನೆಯ ಸೂಚನೆಯಲ್ಲಿ ಒಂದು ಸಾಲು ಸೇರಿದೆ. ಸೆನ್ಸರ್ ಇರುವ ಜಾಗ ಉಳಿದ ಹೊಲದಂತೆಯೇ ಇರಬೇಕು. ಓದಿದರೆ ಎಂಥವರಿಗೂ ಗೊತ್ತಿರುವ ಮಾತು ಅನ್ನಿಸುತ್ತದೆ.

ಜಾಲಹಳ್ಳಿಗೆ ಅದರಿಂದ ಏನೂ ಬರಲಿಲ್ಲ. ಸಾಲಿನ ಬುಡ ಸಡಿಲಿಸಿದೆವು, ಔಷಧಿ ಹಾಕಿದೆವು, ಮೂರು ದಿನ ಬೇರಿಗೆ ಗಾಳಿಯಾಡಲೆಂದು ಕಾದೆವು. ತಗ್ಗಿನ ಕಡೆಯಿಂದ ಎಲೆ ಹಳದಿಯಾಗುತ್ತ ಬಂತು. ಒಂಬತ್ತನೇ ದಿನ ಎತ್ತರದ ಬದುವಿನ ಪಕ್ಕ ಇಪ್ಪತ್ತೇಳು ಗಿಡ ಉಳಿದಿದ್ದವು. ಅವುಗಳಲ್ಲಿ ಕಾಯಿಗಳಿದ್ದವು, ಆದರೆ ಹಸಿರು. ಎರಡು ದಾರಿಗಳಿದ್ದವು. ಗಿಡಗಳನ್ನು ನೆಲದಲ್ಲೇ ಬಿಟ್ಟು ಚೇತರಿಸಿಕೊಳ್ಳಲೆಂದು ಕಾಯುವುದು ಒಂದು. ಬೇರುಸಮೇತ ಕಿತ್ತು ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ, ಸಾಯುವ ಗಿಡದ ಕೊನೆಯ ಕಸುವಿನಲ್ಲಿ ಕಾಯಿ ಹಣ್ಣಾಗುತ್ತದೆಯೇ ನೋಡುವುದು ಇನ್ನೊಂದು. ಎರಡನ್ನೂ ಹೊಲದೊಡತಿಯ ಮುಂದಿಟ್ಟೆ.

"ನೀವೇನಂತೀರಿ?" ಎಂದರು.

"ನನಗ ಗೊತ್ತಿಲ್ರಿ," ಎಂದೆ. ಕೆಲಸದಲ್ಲಿ ಹಿಂದೆಂದೂ ಆ ಮಾತು ಹೇಳಿದ ನೆನಪು ನನಗಿಲ್ಲ.

ಆಕೆ ಪ್ರತಿ ಗಿಡದ ಬುಡಕ್ಕೂ ಹೋಗಿ ಕೂತು, ಕಾಂಡ ಒತ್ತಿ ನೋಡಿದರು. ಒಂದು ತಾಸು ಹಿಡಿಯಿತು. ಆಮೇಲೆ ತಾವೇ ಕೀಳಲು ಶುರುಮಾಡಿದರು. ಮಿಸ್ತ್ರಿ ಹೊಲದೊಡತಿಯ ಮನೆಯ ಪಡಸಾಲೆಯಲ್ಲಿ ಪೈಪಿನ ತುಂಡುಗಳನ್ನು ಅಡ್ಡಕ್ಕೆ ಕಟ್ಟಿ ಇಪ್ಪತ್ತೇಳನ್ನೂ ತೂಗುಹಾಕಿದರು. ಅದಕ್ಕೆ ಕೂಲಿ ತಗೊಳ್ಳಲಿಲ್ಲ, ಚಹಾ ಕುಡಿದು ಹೋದರು.

ಹತ್ತೊಂಬತ್ತು ಕಾಯಿ ಕೆಂಪಾದವು. ಆತ ಆರಿಸುತ್ತಿದ್ದ ಕೆಂಪಲ್ಲ, ಇಟ್ಟಿಗೆಯ ಬಣ್ಣ. ಒಣಗಿಸಿ ಬೀಜ ಬಿಡಿಸಿ ನೀರಿಗೆ ಹಾಕಿದಾಗ ಹೆಚ್ಚಿನವು ತೇಲಿದವು. ಜೊಳ್ಳು. ಮುಳುಗಿದ್ದು ನಲವತ್ತೊಂದು. ಮೊಳೆತದ್ದನ್ನು ಕುಂಡಕ್ಕೆ ನಡಬಹುದೆಂದು ನಲವತ್ತೊಂದನ್ನೂ ಒದ್ದೆ ಬಟ್ಟೆಯಲ್ಲಿ ಸಾಲಾಗಿ ಇಟ್ಟು ಸುತ್ತಿದೆವು. ಮೆಣಸಿನ ಬೀಜದ ಮೊಳಕೆ ಎಣಿಸಲು ಕೊನೆ ಹದಿನಾಲ್ಕನೇ ದಿನ. ಆಕೆ ದಿನಾ ಎರಡು ಹೊತ್ತು ನೀರು ಚಿಮುಕಿಸಿದರು. ಒಲೆಯಿಂದ ಎಷ್ಟು ದೂರ ಇಟ್ಟರೆ ಬೆಚ್ಚಗಿರುತ್ತದೆ ಎಂದು ನನಗೆ ಫೋನಿನಲ್ಲಿ ಕೇಳಿ, ಅಷ್ಟೇ ದೂರ ಇಟ್ಟರು. ಏಳನೇ ದಿನ ಬಿಚ್ಚಿ ನೋಡಿದಾಗ ಏನೂ ಇರಲಿಲ್ಲ. ಅದು ಇನ್ನೂ ಅರ್ಧ ದಾರಿ ಎಂದು ಇಬ್ಬರೂ ಹೇಳಿಕೊಂಡೆವು.

ಡಿಸೆಂಬರ್ ಮೂರನೇ ಮಂಗಳವಾರ, ಹದಿನಾಲ್ಕನೇ ದಿನ. ಬೆಳಿಗ್ಗೆ ಹೊಲಕ್ಕೆ ಹೋಗಿ ಕಂಬ, ಪೆಟ್ಟಿಗೆ, ಸೆನ್ಸರ್ ಬಿಚ್ಚಿದೆ. ಬಿಳಿ ಕಲ್ಲುಗಳನ್ನು ಬದುವಿಗೆ ಸೇರಿಸಿದೆ. ಮಧ್ಯಾಹ್ನ ಎರಡಕ್ಕೆ ಮಳೆಮಾಪಕದ ಕೊನೆಯ ರೀಡಿಂಗ್ ಬರೆದು, ಅದನ್ನೂ ಕಿತ್ತು ಚೀಲಕ್ಕೆ ಹಾಕಿ ಹೊಲದೊಡತಿಯ ಮನೆಗೆ ಬಂದೆ. ಸಮಯ ಎರಡು ಗಂಟೆ ನಲವತ್ತು. ಹಾಜರಿದ್ದವರು ಹೊಲದೊಡತಿ ಮತ್ತು ನಾನು.

ಆಕೆ ಕೈ ತೊಳೆದು ಬಂದು ಬಟ್ಟೆಯನ್ನು ನೆಲದ ಮೇಲೆ ನಿಧಾನ ಬಿಡಿಸಿದರು. ಬೀಜಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನಾನು ಕನ್ನಡಕ ಹಾಕಿಕೊಂಡು, ಇಕ್ಕಳದಿಂದ ಒಂದೊಂದನ್ನೇ ತಿರುವಿ ನೋಡಿದೆ. ಮುಟ್ಟಿದರೆ ಮೆತ್ತಗೆ ಒಡೆಯುತ್ತಿದ್ದವು. ನಲವತ್ತೊಂದನೆಯದರವರೆಗೂ ನೋಡಿದೆ. ಆಕೆ ಹೇಳಿದರೆಂದು ಮತ್ತೆ ಮೊದಲಿನಿಂದ ನೋಡಿದೆ.

ರಾಯಚೂರಿನ ಕಡೆ ಮಳೆಯ ಕಾಲಮಿನಲ್ಲಿ ಸೊನ್ನೆ ಬರೆಯುವುದು ದಿನನಿತ್ಯದ ಕೆಲಸ. ತಿಂಗಳುಗಟ್ಟಲೆ ಬರೆದಿದ್ದೇನೆ, ವರ್ಷಗಟ್ಟಲೆ ಬರೆದಿದ್ದೇನೆ. ಕೈ ಎಂದೂ ನಿಂತದ್ದಿಲ್ಲ. ಆ ದಿನ ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ, ಅದೊಂದನ್ನು ಬರೆದಿಟ್ಟಿಲ್ಲ. ಆಕೆ ಕಾಯುತ್ತಿದ್ದರು. ಬರೆದೆ.

"ಏನ ಬರದ್ರಿ?"

"ಸೊನ್ನಿ."

ಆಕೆಗೆ ಓದು ಬಾರದು. ಬಗ್ಗಿ ಪುಟದ ಮೇಲೆ ಬೆರಳಿಟ್ಟರು. "ಇದರ ಮ್ಯಾಲಿಂದು?"

"ಅದೂ ಸೊನ್ನೀನ. ಇವತ್ತಿನ ಮಳಿದು."

ಬೆರಳನ್ನು ಒಂದರಿಂದ ಇನ್ನೊಂದಕ್ಕೆ ಎರಡು ಸಲ ಒಯ್ದರು. "ಎರಡೂ ಒಂದ ಥರ ಕಾಣ್ತಾವಲ್ರಿ ಅಕ್ಕಾರ," ಎಂದರು.

ಹೌದೆಂದೆ. ಆಕೆ ಬಟ್ಟೆಯನ್ನು ಮೊದಲಿನ ಮಡಿಕೆಯಲ್ಲೇ ಸುತ್ತಿ ಒಲೆಯ ಪಕ್ಕ, ಅಷ್ಟೇ ದೂರಕ್ಕೆ ಇಟ್ಟು, ಮೇಲೆ ನೀರು ಚಿಮುಕಿಸಿದರು. ನಾನು ಮೂರು ಗಂಟೆ ಐದು ನಿಮಿಷ ಎಂದು ಸಮಯ ಬರೆದು, ಸಾಲಿನ ಕೊನೆಗೆ ರುಜು ಹಾಕಿ, ರಿಜಿಸ್ಟರ್ ಮುಚ್ಚಿದೆ.